ಹಾರ್ಡ್‌ವೇರ್ ಪಾಠ ಮತ್ತು ನನ್ನ ಕಳೆದುಹೋದ ಮೆಮೊರಿ

ನಾಂಪಲ್ಲಿಯ ನಮ್ಮ ಕಚೇರಿಯಲ್ಲಿ ಮೂರು ದಿನಗಳ ಕಂಪ್ಯೂಟರ್ ತರಬೇತಿ ಮುಗಿಸಿದ ಮೇಲೆ, ಈ ವಿದ್ಯೆಯನ್ನು ಮುಂದಿನ ಪೀಳಿಗೆಗೆ ದಾಟಿಸುವುದು ನನ್ನ ಕರ್ತವ್ಯವೆಂದು ತೀರ್ಮಾನಿಸಿದೆ. ಸಿಕಂದರಾಬಾದಿನ ನಮ್ಮ ಅಪಾರ್ಟ್‌ಮೆಂಟಿನ ಆರು ಮಕ್ಕಳನ್ನು ಜನವರಿಯ ಒಂದು ಭಾನುವಾರ ಬೆಳಿಗ್ಗೆ ಮನೆಗೆ ಕರೆದೆ.

“ಕೈಗೆ ಸಿಗುವುದು ಹಾರ್ಡ್‌ವೇರ್. ಸಿಗದೇ ಇರುವುದು ಸಾಫ್ಟ್‌ವೇರ್,” ಎಂದೆ.

“ತೆಗೆದು ತೋರಿಸಿ ಅಂಕಲ್,” ಎಂದಳು ಮೂರನೇ ಮಹಡಿಯ ಒಂಬತ್ತು ವರ್ಷದ ಸ್ವಪ್ನ.

ಕಂಪ್ಯೂಟರಿನ ಡಬ್ಬಿ ಬಿಚ್ಚುವುದನ್ನು ತರಬೇತಿಯಲ್ಲಿ ಹೇಳಿಕೊಟ್ಟಿರಲಿಲ್ಲ. ಆದರೆ ಮನೆಯಲ್ಲಿ ಸ್ಕ್ರೂಡ್ರೈವರ್ ಇತ್ತು.

ಅಡುಗೆಮನೆಯಿಂದ ಹೆಂಡತಿ ಶಾರದಾ ಓಡಿ ಬಂದಳು. ಅವಳು ಶಾಲೆಯ ಟೀಚರು. “ಏನ್ ಮಾಡಾಕತ್ತೀರಿ? ಅದರಾಗ ನನ್ನ ಪ್ರಶ್ನೆಪತ್ರಿಕೆ ಐತ್ರಿ. ನಾಳೆ ಮುಂಜಾನೆ ಕೊಡಬೇಕು.”

“ಅದು ಸಾಫ್ಟ್‌ವೇರ್. ಅದಕ್ಕೇನೂ ಆಗಂಗಿಲ್ಲ,” ಎಂದು ಒಬ್ಬೊಬ್ಬರ ಕೈಗೂ ಒಂದೊಂದು ಭಾಗ ಕೊಟ್ಟು, “ಜೋಪಾನ, ಬೀಳಿಸಬೇಡಿ,” ಎಂದೆ.

ಪಾಠ ಮುಗಿಯಿತು. ಮಕ್ಕಳಿಂದ ವಾಪಸು ಬಂದದ್ದನ್ನೆಲ್ಲ ಜೋಡಿಸಿ ಸ್ವಿಚ್ ಒತ್ತಿದೆ. ಕಂಪ್ಯೂಟರ್ ಬೀಪ್ ಬೀಪ್ ಎಂದು ಅತ್ತಿತು. ಪರದೆ ಕಪ್ಪಾಗಿಯೇ ಉಳಿಯಿತು. ಎಣಿಸಿ ನೋಡಿದರೆ ಮೆಮೊರಿ ಎಂಬ ಪುಟ್ಟ ಹಸಿರು ಪಟ್ಟಿ ಇಲ್ಲ. ಅದು ಸ್ವಪ್ನಳ ಕೈಯಲ್ಲಿತ್ತು. ಅವಳೋ ಅಪ್ಪ ಅಮ್ಮನ ಜೊತೆ ನಾಂಪಲ್ಲಿಯ ಎಕ್ಸಿಬಿಷನ್‌ಗೆ ಹೊರಟುಹೋಗಿದ್ದಳು.

“ನಾಳೆ ನಾ ಸಾಲಿಗೆ ಹ್ಯಾಂಗ ಹೋಗಲಿ?” ಎಂದಳು ಶಾರದಾ.

“ತಂದೇ ತರ್ತೀನಿ,” ಎಂದು ಬಸ್ಸು ಹತ್ತಿದೆ.

ಎಕ್ಸಿಬಿಷನ್‌ನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಾಣೆಯಾದವರನ್ನು ಮೈಕಿನಲ್ಲಿ ಕೂಗುವ ಕಟ್ಟೆಗೆ ಹೋಗಿ, ನನ್ನ ಕಚೇರಿ ಹಿಂದಿಯಲ್ಲಿ ಹೇಳಿದೆ: “ನಾನು ಸಿಕಂದರಾಬಾದಿನ ಕುಲಕರ್ಣಿ. ನನ್ನ ಮೆಮೊರಿ ಕಳೆದಿದೆ. ಸ್ವಪ್ನ ಎಂಬ ಹುಡುಗಿ ಬರಬೇಕು.”

ಮೈಕಿನವನು ನನ್ನನ್ನು ಕನಿಕರದಿಂದ ನೋಡಿ, ಕುರ್ಚಿಯಲ್ಲಿ ಕೂರಿಸಿ ನೀರು ಕೊಟ್ಟ. ನಂತರ ಇಡೀ ಮೈದಾನಕ್ಕೆ ಕೇಳುವಂತೆ ಘೋಷಿಸಿದ: “ಕುಲಕರ್ಣಿ ಎಂಬ ಹಿರಿಯರು ನೆನಪಿನ ಶಕ್ತಿ ಕಳೆದುಕೊಂಡು ಇಲ್ಲಿ ಕುಳಿತಿದ್ದಾರೆ. ಅವರ ಮಗಳು ಸ್ವಪ್ನ ಎಲ್ಲಿದ್ದರೂ ಬಂದು ಕರೆದುಕೊಂಡು ಹೋಗಬೇಕು.”

ಮೂವತ್ತೆಂಟಕ್ಕೇ ನಾನು ಹಿರಿಯನಾದೆ. ತಿದ್ದಲು ಎದ್ದರೆ ಅವನು ಭುಜ ಒತ್ತಿ, “ಕೂತ್ಕೊಳ್ಳಿ ಚಾಚಾ, ನಿಧಾನಕ್ಕೆ ಎಲ್ಲಾ ನೆನಪಾಗ್ತದೆ,” ಎಂದ. ಸುತ್ತ ಜನ ಸೇರಿತು. ಅವರಲ್ಲಿ ನಮ್ಮ ಕಚೇರಿಯ ಇಬ್ಬರಿದ್ದರು.

ಕೊನೆಗೆ ಸ್ವಪ್ನ ಬಂದಳು. ಕರವಸ್ತ್ರದಲ್ಲಿ ಸುತ್ತಿದ್ದ ಪಟ್ಟಿಯನ್ನು ಬಿಚ್ಚಿದಳು. “ಜೋಪಾನ ಅಂದಿದ್ರಲ್ಲ ಅಂಕಲ್. ಅದಕ್ಕೇ ಕೆಳಗೇ ಇಡಲಿಲ್ಲ.”

ಅವಳ ಅಪ್ಪ ಅಮ್ಮ ಪಾಪ, ಅವಳನ್ನು ಕರೆದುಕೊಂಡು ನನ್ನೊಂದಿಗೇ ವಾಪಸು ಬಂದರು. ಪಟ್ಟಿಯನ್ನು ಒತ್ತಿದೆ. ಕೂರಲಿಲ್ಲ. ಇನ್ನೂ ಜೋರಾಗಿ ಒತ್ತಲು ಹೊರಟಾಗ ಸ್ವಪ್ನ ತಡೆದು, “ಈ ಕಚ್ಚು ಆ ಕಡೆ ಬರಬೇಕು,” ಎಂದು ತಿರುಗಿಸಿ ಕೂರಿಸಿದಳು. ಪರದೆ ಬೆಳಗಿತು. ಪ್ರಶ್ನೆಪತ್ರಿಕೆ ಸುರಕ್ಷಿತವಾಗಿತ್ತು. ಅಷ್ಟರಲ್ಲಿ ಶಾರದಾ ಅದನ್ನು ಪೂರ್ತಿ ಕೈಯಲ್ಲೇ ಬರೆದು ಮುಗಿಸಿದ್ದಳು.

ಆದರೂ ತರಗತಿ ನಿಲ್ಲಿಸುವುದಿಲ್ಲವೆಂದು ನಾನು ಹಟ ಹಿಡಿದೆ. ಶಾರದಾ ಒಂದು ಷರತ್ತಿನ ಮೇಲೆ ಒಪ್ಪಿದಳು. ಈಗ ಪ್ರತಿ ಭಾನುವಾರ ಪಾಠ ಮಾಡುವವಳು ಸ್ವಪ್ನ. ಹಾಜರಿ ತೆಗೆದುಕೊಳ್ಳುವ ಹೊಣೆ ಮಾತ್ರ ಸಂಪೂರ್ಣವಾಗಿ ನನ್ನದು.