ಭರಣಿಯ ಕೆಳಗಿನ ಮನವಿ

ಇಂಗು ಹಾಕಿದ ಮಾವಿನಕಾಯಿ ಉಪ್ಪಿನಕಾಯಿಯ ವಾಸನೆ ಮೂಗಿಗೆ ಬಿತ್ತೆಂದರೆ, ಐವತ್ತು ದಾಟಿದ ಕಲ್ಲಯ್ಯ ಎಂಟು ವರ್ಷದ ಹುಡುಗನಾಗುತ್ತಿದ್ದ. ಅವ್ವ ನೆಲುವಿನಿಂದ ಭರಣಿ ಇಳಿಸುವಾಗ ಬರುತ್ತಿದ್ದದ್ದು ಅದೇ ವಾಸನೆ. ಆ ವಾಸನೆಯ ಆಸೆಗಾಗಿಯೇ ಜೈಲಿನ ಗುಮಾಸ್ತನಾದ ಅವನು ಆಫೀಸಿನಲ್ಲಿ, ತನ್ನ ಮೇಜಿನ ಡ್ರಾವರಿನೊಳಗೆ ಪುಟ್ಟ ಭರಣಿಯೊಂದನ್ನು ಇಟ್ಟುಕೊಂಡಿದ್ದ.

ಆ ಮಂಗಳವಾರ ಖಾಲಿ ಭರಣಿಯನ್ನು ತೊಳೆಯಲೆಂದು ಎತ್ತಿದ. ಅದರ ತಳಕ್ಕೆ ಅಂಟಿಕೊಂಡು ಒಂದು ಕಾಗದವೂ ಮೇಲೆದ್ದಿತು. ಕಾಗದದ ನಡುವೆ ಹುಣ್ಣಿಮೆ ಚಂದ್ರನಂಥ ಎಣ್ಣೆ ಕಲೆ. ಓದಿದವನೇ ಗೋಡೆಯ ಕ್ಯಾಲೆಂಡರಿನಲ್ಲಿ ದಿನ ಎಣಿಸಿದ.

ಅದು ಕಾಸಿಮಸಾಬನ ಮನವಿ. ಖಾನಾಪುರದ ಸ್ಟೇಷನ್ ಹತ್ತಿರ ಟ್ರಂಕು ರಿಪೇರಿ ಮಾಡುತ್ತಿದ್ದವನು ಆತ. ಯಾರೋ ರಿಪೇರಿಗೆ ಬಿಟ್ಟುಹೋದ ಟ್ರಂಕಿನ ತಳದ ತಗಡಿನಡಿ ಪೊಲೀಸರಿಗೆ ಡಾಲರ್ ನೋಟುಗಳು ಸಿಕ್ಕವು. ಟ್ರಂಕಿನವನು ಸಿಗಲಿಲ್ಲ, ಕಾಸಿಮಸಾಬ ಸಿಕ್ಕ. ವಿದೇಶಿ ಹಣದ ಕಳ್ಳವ್ಯವಹಾರ ಮುಂದೆ ಮಾಡದಿರಲೆಂದು ಒಂದು ವರ್ಷ ಒಳಗಿಡಬೇಕೆಂಬ ಆದೇಶವಾಯಿತು. ವಿಚಾರಣೆಯಿಲ್ಲ, ಸಾಕ್ಷಿಯಿಲ್ಲ. ತನ್ನನ್ನು ಬಿಡಿ ಎಂದು ಬೆಂಗಳೂರಿಗೆ, ಸರ್ಕಾರಕ್ಕೆ, ಅವನು ಬರೆದುಕೊಂಡ ಮನವಿಯನ್ನು ಕಲ್ಲಯ್ಯ ಊಟವಾದ ಮೇಲೆ ಕಳಿಸಿದರಾಯಿತೆಂದು ಡ್ರಾವರಿಗೆ ಹಾಕಿದ್ದ. ಅದು ಇಪ್ಪತ್ತೇಳು ದಿನ ಉಪ್ಪಿನಕಾಯಿ ಹೊತ್ತುಕೊಂಡು ಕುಳಿತಿತ್ತು.

ಬಾಜು ಮೇಜಿನ ಬಾಳಪ್ಪ ಬಂದು ಮೂಸಿ ನೋಡಿದ. "ಛಲೋ ಹದಾ ಬಂದೈತಿ. ಯಾರ ಅರ್ಜಿರೀ ಇದು?"

"ನನ್ನ ನೌಕರೀದು," ಎಂದ ಕಲ್ಲಯ್ಯ.

ವಾರ್ಡರ್ ಸಿದರಾಯ ಸೀಮೆಸುಣ್ಣದ ಪುಡಿ ತಂದು ಉದುರಿಸಿದ. "ಎಣ್ಣಿ ಹೀರತೈತಿ, ನೋಡ್ರಿ." ಹೀರಲಿಲ್ಲ. ಅವನೇ ಓಡಿಹೋಗಿ ಇಸ್ತ್ರಿ ಪೆಟ್ಟಿಗೆ ತಂದು ಒತ್ತಿದ. ಚಂದ್ರ ಕರಗಿ ಜೋಳದ ರೊಟ್ಟಿಯಷ್ಟು ಅಗಲವಾದ. ಈಗ ಕಾಗದದ ಆಚೆ ಬಾಳಪ್ಪನ ಮೀಸೆ ಕಾಣುತ್ತಿತ್ತು.

"ಇದನ್ನ ಒಲಿಗೆ ಹಾಕ್ರಿ," ಎಂದಿತು ಆ ಮೀಸೆ. "ಅವನ ಕಡೆ ಇವತ್ತಿನ ತಾರೀಖ ಹಾಕಿ ಹೊಸಾದು ಬರಸ್ಕೋರಿ. ಯಾರಿಗೆ ಗೊತ್ತಾಗತೈತಿ?"

ಕಲ್ಲಯ್ಯ ಕೊಡೆ ಹಿಡಿದು ಬ್ಯಾರಕ್ಕಿಗೆ ನಡೆದ. ಆ ಕೊಡೆಯ ಮುರಿದ ಕಡ್ಡಿ ಕೂಡಿಸಿಕೊಟ್ಟವನೂ ಕಾಸಿಮಸಾಬನೇ. ಎಲ್ಲ ಕೇಳಿದ ಮೇಲೆ ಅವನು ರಿಪೇರಿ ಮಾಡುತ್ತಿದ್ದ ತೂತು ಬಕೆಟ್ಟನ್ನು ಕೆಳಗಿಟ್ಟ.

"ಬರಕೊಡ್ತೀನಿ ತಗೋರಿ, ಅಯ್ಯನವರ. ನಿಮಗೂ ಮಕ್ಕಳದಾವ. ನನ್ನ ಹೆಂಡ್ತಿ ಚಾಂದಬೀ ಬಂದ್ರ ಮಾತ್ರ ಹೇಳಬ್ಯಾಡ್ರಿ. ದಿನಾ ಪೋಸ್ಟಮನ್ನನ ಹಾದಿ ಕಾಯಾಕತ್ತಾಳ." ಪೆನ್ನಿಗಾಗಿ ಕೈ ಚಾಚಿದ.

"ಶಾಯಿ ತೀರೈತಿ," ಎಂದು ತುಂಬಿದ ಪೆನ್ನನ್ನು ಕಿಸೆಗಿಟ್ಟುಕೊಂಡು ಕಲ್ಲಯ್ಯ ಹಿಂತಿರುಗಿದ.

ಆ ಪೆನ್ನಿನಿಂದಲೇ ಬರೆದ: 'ಸದರಿ ಮನವಿಯು ನನ್ನ ಉಪ್ಪಿನಕಾಯಿ ಭರಣಿಯ ಕೆಳಗೆ ಇಪ್ಪತ್ತೇಳು ದಿನ ಉಳಿದಿತ್ತು. ತಪ್ಪು ನನ್ನದು.' ಮನವಿಗೆ ಅದನ್ನು ಲಗತ್ತಿಸಿ ಜೈಲಿನ ದೊಡ್ಡ ಸಾಹೇಬರ ಮುಂದಿಟ್ಟ. ಸಾಹೇಬರು ಎರಡು ಸಲ ಓದಿದರು, ಒಂದು ಸಲ ಮೂಸಿದರು. ಮಧ್ಯಾಹ್ನದ ಟಪಾಲಿನಲ್ಲಿ ಮನವಿ ಬೆಂಗಳೂರಿಗೆ ಹೊರಟಿತು. ನಾಲ್ಕು ಗಂಟೆಗೆ ಕಲ್ಲಯ್ಯನ ಕೈಗೆ ಸಸ್ಪೆಂಡ್ ಆರ್ಡರು ಬಂತು.

ಸಿಟಿ ಬಸ್ಸು ಹಿಡಿದು ಅವನು ಟಿಳಕವಾಡಿಗೆ, ಕಾಸಿಮಸಾಬನ ವಕೀಲ ಚನ್ನಬಸಯ್ಯನವರ ಮನೆಗೆ ಹೋದ. ಬೈಯಿಸಿಕೊಂಡಾದರೂ ಮನಸ್ಸು ಹಗುರಾಗಲೆಂಬ ಆಸೆ. ಹೈಕೋರ್ಟಿಗೆ ಹೋಗಲು ಆ ಆದೇಶದಲ್ಲಿ ಒಂದಾದರೂ ಲೋಪ ಸಿಕ್ಕೀತೇ ಎಂದು ವಕೀಲರು ಮೂರು ತಿಂಗಳಿಂದ ಹುಡುಕುತ್ತಿದ್ದರು. ಕಲ್ಲಯ್ಯ ಹೇಳಿದ್ದನ್ನು ಕೇಳಿದವರೇ ಕನ್ನಡಕ ತೆಗೆದರು.

"ಎಷ್ಟ ದಿನಾ ಅಂದ್ರಿ?"

"ಇಪ್ಪತ್ತೇಳು."

"ಬರದು ಕೊಟ್ಟೀರೇನು?"

"ಕೊಟ್ಟೀನ್ರಿ. ಬುದ್ಧಿಗೇಡಿ ನಾನು."

ವಕೀಲರು ಒಳಗೆ ಮುಖ ಮಾಡಿ, "ಎರಡ ಚಹಾ ಕಳಸ್ರಿ, ಸಕ್ಕರಿ ಜರಾ ಹೆಚ್ಚ ಹಾಕಿ," ಎಂದರು. "ಕಲ್ಲಯ್ಯಾರ, ವಿಚಾರಣಿ ಇಲ್ಲದ ಕೂಡಿ ಹಾಕಿದವನ ಮನವಿ ಸುಮ್ಮಸುಮ್ಮನ ತಡಾ ಆದ್ರ, ಕೋರ್ಟ ಅವನನ್ನ ಬಿಡತೈತಿ. ಉಪ್ಪಿನಕಾಯಿ ಏನ ಸರಿಯಾದ ಕಾರಣ ಅಲ್ಲ. ಹೊಸಾ ತಾರೀಖ ಹಾಕಿದ್ರ ಅವ ವರ್ಷ ಪೂರಾ ಒಳಗ ಇರ್ತಿದ್ದ."

ಕಲ್ಲಯ್ಯನ ಮುಖ ಅರಳಿತು. "ಹಂಗಾರ ನನ್ನ ನೌಕರೀನೂ ಉಳೀತು?"

"ಅದ ಹೆಂಗ ಉಳೀತೈತ್ರಿ? ನಿಮ್ಮ ತಪ್ಪ ಖರೇ ಅಂತ ಬರದ ಮ್ಯಾಲೇ ಕೋರ್ಟ ಅವನನ್ನ ಬಿಡೂದು."

ಎರಡು ತಿಂಗಳಿಗೆ ಹೈಕೋರ್ಟು ಹಾಗೆಯೇ ಬರೆದು ಅವನ ಬಿಡುಗಡೆಗೆ ಆದೇಶಿಸಿತು. ಕಾಸಿಮಸಾಬ ಹೊರಬಂದ ಮಧ್ಯಾಹ್ನ ಕಲ್ಲಯ್ಯ ಜೈಲಿನ ಎದುರಿನ ಬೇವಿನ ಮರದಡಿ ಇದ್ದ. ಇಲಾಖೆಯ ವಿಚಾರಣೆ ಮುಗಿಯುವವರೆಗೆ, ಕೈದಿಗಳ ಮನೆಯವರಿಗೆ ಪುಕ್ಕಟೆ ಅರ್ಜಿ ಬರೆದುಕೊಡುತ್ತ ದಿನ ಕಳೆಯುತ್ತಿದ್ದ.

ಚಾಂದಬೀ ಖಾನಾಪುರದಿಂದ ಬುತ್ತಿ ತಂದಿದ್ದಳು. ಗಂಡನಿಗೊಂದು ಹಳೆಯ ಡಬ್ಬಿ. ಇನ್ನೊಂದು ಅಂಗಡಿಯ ಚೀಟಿ ಕೂಡ ಕೀಳದ ಹೊಸ ಡಬ್ಬಿ, ಅದರಲ್ಲಿ ರೊಟ್ಟಿ, ಬದನೆಕಾಯಿ ಪಲ್ಲೆ. ಕಾಸಿಮಸಾಬ ಹೊಸದನ್ನು ಹಿಡಿದು ಮರದಡಿ ಬಂದ. ಕಲ್ಲಯ್ಯನ ತೊಡೆಯ ಮೇಲೆ ಅರ್ಧ ಬರೆದ ಅರ್ಜಿಯೊಂದಿತ್ತು. ಮೊದಲು ಅದನ್ನು ಮೆಲ್ಲಗೆ ಆಚೆ ಸರಿಸಿ, ಆಮೇಲೆ ಡಬ್ಬಿಯನ್ನು ಅವನ ಕೈಗಿಟ್ಟ.