ಎಲೆ ಬಾಡದಷ್ಟು ದೂರ

ನಮ್ಮ ಕಾಕಾ ಕಿಲೋಮೀಟರಿನ ಮೇಲೆ ಮುನಿಸಿಕೊಂಡಿರುವ ಮನುಷ್ಯ. ರಸ್ತೆ ಬದಿಯ ಕಲ್ಲುಗಳನ್ನು ಯಾವನೋ ಗುತ್ತಿಗೆದಾರ ದಣಿವಾದಲ್ಲೆಲ್ಲ ನೆಟ್ಟು ಹೋಗಿದ್ದಾನೆಂಬುದು ಅವರ ಗಟ್ಟಿ ನಂಬಿಕೆ!

ಸವಣೂರಿನಲ್ಲಿ ವೀಳ್ಯದೆಲೆ ಬೆಳೆದು ಮಾರುವ ಅವರು ದೂರ ಅಳೆಯುವುದು ಅಂಗಿಯ ಜೇಬಿನಲ್ಲಿಟ್ಟ ಒಂದು ಎಲೆಯಿಂದ. ಶಿಗ್ಗಾವಿಯೆಂದರೆ ಎಲೆಯ ಮೇಲಿನ ನೀರು ಆರದಷ್ಟು ದೂರ. ಹಾನಗಲ್ಲೆಂದರೆ ತುದಿ ಸೊರಗುವಷ್ಟು. ಹಿರೇಕೆರೂರಿಗೆ ಹೋಗುವಷ್ಟರಲ್ಲಿ ಎಲೆ ಅಡ್ಡ ಮಲಗಿರುತ್ತದೆ.

"ಕಾಕಾ, ಹಂಗಾರ ಬ್ಯಾಸಿಗ್ಯಾಗ ಊರು ದೂರ ಸರಿತಾವೇನ್ರಿ?" ಎಂದು ನಾನೊಮ್ಮೆ ಕೇಳಿದೆ.

"ಮತ್ತ? ನಡದು ನೋಡು, ಸರಿತಾವೋ ಇಲ್ಲೋ!"

ಮನೆಯ ಹೆಣ್ಣುಮಕ್ಕಳನ್ನು ಕೊಡುವುದಕ್ಕೂ ಇದೇ ಅಳತೆ. ತವರಿನ ಎಲೆ ಬಾಡುವುದರೊಳಗೆ ಗಂಡನ ಮನೆ ಮುಟ್ಟಬೇಕು. ಹಿರೇಕೆರೂರಿನ ಒಂದು ಒಳ್ಳೆಯ ಸಂಬಂಧ ಇದಕ್ಕಾಗಿ ಮಳೆಗಾಲದ ತನಕ ಕಾಯಬೇಕಾಯಿತು!

ಇಂಥವರ ಒಬ್ಬಳೇ ಮಗಳು ದಿಲ್ಲಿಯ ಹುಡುಗನನ್ನು ಮೆಚ್ಚಿದಳು. ಮೂಲ ಶಿಗ್ಗಾವಿಯವನೇ, ಈಗ ದಿಲ್ಲಿಯಲ್ಲಿ ಮೆಟ್ರೊ ರೈಲು ಓಡಿಸುತ್ತಾನೆ. ಕಾಕಾ ಊಟ ಬಿಟ್ಟರು.

"ರೈಲಿನ್ಯಾಗ ಹೋದ್ರ ಎಲಿ ಗೊಬ್ಬರ ಆಕ್ಕೈತಿ!"

"ಅಣ್ಣಾ, ನೀನ ಏನರ ಮಾಡು," ಎಂದು ಹುಡುಗಿ ಕಣ್ಣು ತುಂಬಿಕೊಂಡಳು. ಸಂತೆಯಲ್ಲಿ ಎತ್ತಿನ ಬೆಲೆ ಇಳಿಸುವ ನನಗೆ ಕಾಕಾನ ಪಟ್ಟು ಇಳಿಸುವುದು ಎಷ್ಟರ ಕೆಲಸ?

"ಕಾಕಾ, ಹುಬ್ಬಳ್ಳಿಯಿಂದ ವಿಮಾನ ಐತ್ರಿ. ಮೂರು ತಾಸೂ ಹಿಡಿಯೂದಿಲ್ಲ."

"ಹಂಗಾರ ಎಲಿ ಇಟ್ಕೊಂಡು ಹೋಗೂಣು. ಬಾಡಿತಂದ್ರ ಹುಡುಗಗ ಅಲ್ಲೇ ಕೈ ಮುಗದು ಬರ್ತೇನಿ."

ವಿಮಾನದಲ್ಲಿ ಕುಳಿತವರೇ ಕಾಕಾ ತಲೆಯ ಮೇಲಿನ ತಂಪು ಗಾಳಿಯ ತೂತನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದರು. "ತಂಪು ಮಾಡಿ ದೂರ ಕಡಿಮಿ ತೋರಸ್ತಾರ. ಮೋಸ!"

ಓದುಗರೇ, ನಿಮಗೊಂದು ಬುದ್ಧಿಮಾತು. ವಿಮಾನದವರು ಹೇಳುವುದು ಹಾರುವ ಹೊತ್ತನ್ನು ಮಾತ್ರ. ಮನೆಯಿಂದ ಹುಬ್ಬಳ್ಳಿಗೆ ಬಂದದ್ದು, ತಪಾಸಣೆಗೆ ನಿಂತದ್ದು, ಚೀಲಕ್ಕೆ ಕಾದದ್ದು, ದಿಲ್ಲಿಯ ರಸ್ತೆಯಲ್ಲಿ ಸಿಕ್ಕಿಕೊಂಡದ್ದು ಎಲ್ಲ ನಿಮ್ಮ ಲೆಕ್ಕಕ್ಕೆ. ಈ ಲೆಕ್ಕ ನಾನು ಬಿಟ್ಟರೂ ಎಲೆ ಬಿಡುತ್ತದೆಯೇ?

ಹುಡುಗನ ಕೋಣೆಯಲ್ಲಿ ಕಾಕಾ ಜೇಬಿಗೆ ಕೈಹಾಕಿದರು. ಎಲೆ ಒದ್ದೆ ಬಟ್ಟೆಯಂತೆ ಜೋತುಬಿತ್ತು. ಹುಡುಗನ ಮುಖವೂ.

"ಬಾಡೈತಿ," ಎಂದು ಅದನ್ನು ಮಡಚಿ ಬಾಯಿಗಿಟ್ಟುಕೊಂಡರು. "ದೂರ ಅಂದ್ರ ದೂರನ."

ನಾನು ಬಾಯಿ ತೆರೆಯುವ ಮೊದಲೇ ಚೀಲದ ತಳದಿಂದ ಹಸಿ ಗೋಣಿಯ ಗಂಟೊಂದನ್ನು ತೆಗೆದು ಬಿಚ್ಚಿದರು. ಒಳಗೆ ಸವಣೂರಿನ ಮಣ್ಣು, ಮಣ್ಣಿನಲ್ಲಿ ಬೇರುಬಿಟ್ಟ ಎಲೆಬಳ್ಳಿಯ ತುಂಡು. ಮನೆ ಬಿಡುವಾಗಲೇ ಕಟ್ಟಿಕೊಂಡಿದ್ದರು!

ಹುಡುಗ ಎರಡೂ ಕೈಯೊಡ್ಡಿದ. "ಇಲ್ಲಿ ಚಳಿ ಭಾಳ ರೀ, ಮಾವಾರ. ತಡೀತೈತೋ ಇಲ್ಲೋ..."

"ಬಿಸಿಲಿದ್ದಾಗ ಹೊರಗ ಇಡು, ತಮ್ಮಾ. ಚಳಿ ಬಿತ್ತಂದ್ರ ಒಳಗ ಕರ್ಕೊ," ಎಂದ ಕಾಕಾ ಕಿಟಕಿಯತ್ತ ಮುಖ ತಿರುಗಿಸಿದರು. "ಇಬ್ಬರ್ನೂ."