ಹಗ್ಗದ ಸ್ವಾಮಿಯ ಲಗೇಜ್ ಗಾಡಿ

ಅರ್ಧ ಹರಿ, ಅರ್ಧ ಹರ. ಇಬ್ಬರನ್ನೂ ಒಂದೇ ಮೈಯಲ್ಲಿ ಹೊತ್ತು, ಎಡಕ್ಕೂ ವಾಲದೆ ಬಲಕ್ಕೂ ವಾಲದೆ ನಿಂತಿರುವ ನಮ್ಮ ಹರಿಹರೇಶ್ವರನಿಗೆ ಮೊದಲ ನಮಸ್ಕಾರ. ಲೋಡು ಹೊಂದಿಸುವುದನ್ನು ನಾನು ಕಲಿತದ್ದು ಅವನ ಮುಂದೆ ಕೈಮುಗಿದು ನಿಂತಾಗಲೇ. ಭಾರ ಎರಡೂ ಕಡೆ ಸಮ ಇರಬೇಕು, ತೂಕದ್ದು ಕೆಳಗೆ, ಹಗುರದ್ದು ಮೇಲೆ, ಎಲ್ಲದರ ಮೇಲೊಂದು ಹಗ್ಗ. ಇಷ್ಟಾದ ಮೇಲೆ ದೇವರನ್ನು ನೆನೆದು ಗಾಡಿ ಬಿಡಬೇಕು. ಹಗ್ಗವನ್ನೂ ದೇವರೇ ಕಟ್ಟಲಿ ಎನ್ನುವುದು ಭಕ್ತಿಯಲ್ಲ, ಅವನಿಗೆ ಕೊಡುವ ಕಾಟ.

ದಾವಣಗೆರೆಯಲ್ಲಿ ನನ್ನದೊಂದು ಲಗೇಜ್ ಗಾಡಿ. ಹಣೆಗೆ ವಿಭೂತಿ, ಹೆಗಲಿಗೆ ಹಗ್ಗ ಇರುವುದರಿಂದ ಸ್ಟ್ಯಾಂಡಿನವರು ನನಗಿಟ್ಟ ಹೆಸರು ಹಗ್ಗದ ಸ್ವಾಮಿ. ಇರಲಿ, ಆ ನೆಪದಲ್ಲಾದರೂ ಅವರ ಬಾಯಲ್ಲಿ ದಿನಕ್ಕೆ ನಾಲ್ಕು ಸಲ ಸ್ವಾಮಿ ಎಂಬ ಮಾತು ಬರುತ್ತದಲ್ಲ. ಈ ಗಾಡಿ ಓಡುವವರೆಗೆ ಇಂಥ ಪ್ರಸಂಗಗಳಿಗೆ ಬರವಿಲ್ಲ.

೧. ಹಗುರದ ಮೂಟೆ

ಮಂಡಕ್ಕಿ ಭಟ್ಟಿಯ ಯಜಮಾನರೊಬ್ಬರು ಹರಿಹರಕ್ಕೆ ಮಂಡಕ್ಕಿ ಮೂಟೆ ಹೇರಿಸಿದರು. ಲೋಡು ಗೋಪುರದ ಹಾಗೆ ಏರಿತು. ನಾನು ಹಗ್ಗ ತೆಗೆದರೆ ಅವರಿಗೆ ನಗು. ಊದಿದರೆ ಹಾರುವ ಮಾಲಿಗೆ ಹಗ್ಗ ಯಾಕೆ ಎಂದರು. ಊದಿದರೆ ಹಾರುತ್ತದೆ ಅಂತಲೇ ಹಗ್ಗ ಎಂದೆ. ಬಿಡದೆ ಬಿಗಿದೆ. ಆದರೆ ನಾನು ಸೀಟಿನಲ್ಲಿ ಕೂತು ಕಣ್ಣು ಮುಚ್ಚಿ ಕೈಮುಗಿಯುವಷ್ಟರಲ್ಲಿ, ಅವರು ಹಿಂದಿನಿಂದ ಇನ್ನೊಂದು ಮೂಟೆಯನ್ನು ಹಗ್ಗದ ಮೇಲೆಯೇ ಎಸೆದುಬಿಟ್ಟಿದ್ದರು.

ಊರು ದಾಟಿದ್ದೇ ತಡ, ಗಾಳಿ ಬೀಸಿತು. ಆ ಮೂಟೆ ಉರುಳಿ ಬಾಯಿ ಬಿಚ್ಚಿತು. ರಸ್ತೆಯುದ್ದಕ್ಕೂ ಬೆಳ್ಳಗೆ ಮಂಡಕ್ಕಿ. ನಮ್ಮ ಕಡೆ ಶವ ಒಯ್ಯುವ ದಾರಿಯಲ್ಲಿ ಮಂಡಕ್ಕಿ ಎರಚುತ್ತಾರೆ. ಚಹದಂಗಡಿ ಮುಂದೆ ಕೂತಿದ್ದ ಹಿರಿಯರೆಲ್ಲ ಎದ್ದು ನಿಂತು ಕೈಮುಗಿದರು. ನನ್ನ ಹಿಂದೆ ಸ್ಕೂಟರಿನಲ್ಲಿ ಜೋಲುಮುಖ ಹಾಕಿಕೊಂಡು ಬರುತ್ತಿದ್ದ ಯಜಮಾನರನ್ನು ನಿಲ್ಲಿಸಿ, ಯಾರು ತೀರಿಕೊಂಡಿದ್ದು ಎಂದು ವಿಚಾರಿಸಿದರು.

"ಯಾರೂ ಇಲ್ರಿ. ಮ್ಯಾಲಿನ ಮೂಟಿಗೆ ಹಗ್ಗ ಹಾಕಿದ್ದಿಲ್ಲ, ಅಷ್ಟ," ಎಂದರು ಯಜಮಾನರು.

ಒಬ್ಬ ಹಿರಿಯರು ಮುಗಿದ ಕೈ ಇಳಿಸದೆ ಪಕ್ಕದವರಿಗೆ ಹೇಳಿದರು: "ಪಾಪ, ದುಃಖದಾಗ ಏನೇನೋ ಮಾತಾಡ್ತಾರ."

೨. ಮದುವೆಯ ಬೀರು

ವಿದ್ಯಾನಗರದ ತಾಯಿಯೊಬ್ಬರು ಮಗಳ ಮದುವೆಗೆಂದು ಕನ್ನಡಿ ಬಾಗಿಲಿನ ಬೀರು ಕೊಂಡರು. ಅದು ಕಡರನಾಯಕನಹಳ್ಳಿಯ ಬೀಗರ ಮನೆಗೆ ಹೋಗಬೇಕು. ಕನ್ನಡಿಗೆ ಏಟು ಬೀಳದಿರಲಿ ಎಂದು ನಾನು ಕಂಬಳಿ ಸುತ್ತಿದೆ. ತಾಯಿಯ ಮನಸ್ಸಿಗೆ ಬರಲಿಲ್ಲ.

"ಇಷ್ಟ್ ಚೆಂದದ್ದು ಕೊಡಸೀನಿ, ನಾಕ್ ಮಂದಿ ನೋಡೋದು ಬ್ಯಾಡೇನ್ರಿ?"

ಹಗ್ಗ ಬಿಚ್ಚುವುದಿಲ್ಲ, ಬೇಕಾದರೆ ಕಂಬಳಿ ತೆಗೆಯುತ್ತೇನೆ ಎಂದೆ. ಕನ್ನಡಿ ಹಿಂದಕ್ಕೆ ಮುಖ ಮಾಡಿ ನಿಂತಿತು. ತಾಯಿ ನನ್ನ ಪಕ್ಕ ಕೂತರು. ಮೊದಲ ಸಿಗ್ನಲ್ಲಿನಲ್ಲೇ ಹಿಂದಿನ ಸ್ಕೂಟರಿನ ಹುಡುಗರು ಬಾಚಣಿಗೆ ತೆಗೆದರು. ಮುಂದೆ ಒಬ್ಬ ಅಜ್ಜ ನಿಂತು ರುಮಾಲು ಸರಿಮಾಡಿಕೊಂಡ. ಆಮೇಲೆ ಟ್ರಾಫಿಕ್ ಪೊಲೀಸಪ್ಪನೇ ಕೈ ತೋರಿಸಿದ. ನಾನು ಕಾಗದಪತ್ರ ಹಿಡಿದು ಇಳಿದರೆ, ಆತ ಗಾಡಿಯ ಹಿಂದೆ ನಿಂತು ಟೋಪಿ ನೇರ ಮಾಡಿಕೊಂಡು, ಮೀಸೆ ತಿರುವಿ, ಹೋಗಪ್ಪ ಎಂದ.

ಬೀರು ಬಗ್ಗೆ ಏನಾದರೂ ಅಂದನೇ ಎಂದು ತಾಯಿ ಆಸೆಯಿಂದ ಕೇಳಿದರು. ಏನು ಹೇಳಲಿ? ಬೀರು ನೋಡಲಿ ಎಂದು ಕಂಬಳಿ ತೆಗೆಸಿದರೆ, ಊರೆಲ್ಲ ತನ್ನ ಮುಖವನ್ನೇ ನೋಡಿಕೊಂಡಿತ್ತು.

೩. ಮೊದಲು ಹತ್ತಿದ್ದು

ವಿನೋಬನಗರದ ಒಂದು ಕುಟುಂಬ ಹರಿಹರದಲ್ಲಿ ಸ್ವಂತ ಮನೆ ಕಟ್ಟಿಕೊಂಡಿತು. ಆ ಮನೆಯ ಅಜ್ಜಿ ಬಾಳೆಲ್ಲ ಬಾಡಿಗೆ ಮನೆಗಳ ಗೋಡೆಗೂಡಿನಲ್ಲಿ ದೇವರನ್ನಿಟ್ಟು ಪೂಜಿಸಿದವಳು. ಈಗ ದೇವರಿಗೇ ಒಂದು ಕೋಣೆ. ಒಳ್ಳೆಯ ಗಳಿಗೆ ಮೀರುವ ಮೊದಲೇ ದೇವರು ಹೊಸ್ತಿಲು ದಾಟಬೇಕು; ಅದಕ್ಕೂ ಮುಂಚೆ ಸಾಮಾನಿನ ಒಂದು ಚಮಚವೂ ಗಾಡಿಯಿಂದ ಇಳಿಯಬಾರದು. ಅಜ್ಜಿಯ ಜೀವವೆಲ್ಲ ಅದರಲ್ಲೇ.

ಹಾಗಾದರೆ ದೇವರ ಬುಟ್ಟಿಯನ್ನು ಕೊನೆಗೆ ಹತ್ತಿಸೋಣ ಎಂದೆ.

"ಹಣಿ ತುಂಬ ವಿಭೂತಿ ಬಳ್ಕಂಡು, ದೇವರನ್ನ ಕೊನಿಗೆ ಹತ್ತಿಸ್ತೀನಿ ಅಂತೀಯಲ್ಲೋ ಸ್ವಾಮಿ," ಎಂದಳು ಅಜ್ಜಿ. "ಮೊದ್ಲು ಹತ್ತಿದ್ದು ಮೊದ್ಲು ಇಳೀಬೇಕು."

ವಿಭೂತಿಯ ಮಾತು ಬಂದ ಮೇಲೆ ನಾನೇನು ವಾದಿಸಲಿ. ದೇವರು ಮೊದಲು ಹತ್ತಿ ಕ್ಯಾಬಿನ್ನಿಗೆ ಒತ್ತಿ ಕೂತರು. ದೇವರ ಮೇಲೆ ಏನೂ ಇಡುವಂತಿಲ್ಲ. ಸುತ್ತ ಟ್ರಂಕು, ಅಕ್ಕಿ ಡ್ರಮ್ಮು, ಮಂಚ, ಹಾಸಿಗೆ ಏರಿಸಿ, ನಡುವೆ ಬಾವಿಯಂಥ ಜಾಗ ಬಿಟ್ಟು, ಹಗ್ಗ ಬಿಗಿದೆ. ಥೇಟ್ ಗರ್ಭಗುಡಿ.

ಹರಿಹರ ಮುಟ್ಟಿದೆವು. ಬಾಗಿಲಲ್ಲಿ ಪೂಜೆಗೆ ಬಂದ ಅಯ್ಯನವರು ಗಡಿಯಾರ ನೋಡುತ್ತ ನಿಂತಿದ್ದಾರೆ. ದೇವರು ಇಳಿಯದೆ ಸಾಮಾನು ಇಳಿಯುವಂತಿಲ್ಲ, ಸಾಮಾನು ಇಳಿಯದೆ ದೇವರು ಇಳಿಯುವಂತಿಲ್ಲ. ನಾನು ಹತ್ತಿ ಎತ್ತಿಕೊಡುತ್ತೇನೆ ಎಂದರೆ, ಬೆವತ ಮೈಯಲ್ಲಿ ಬುಟ್ಟಿ ಮುಟ್ಟಬ್ಯಾಡ, ಮಡಿಯಲ್ಲಿ ಇರುವವರು ನಾನು, ನನ್ನ ಸೊಸೆ ಇಬ್ಬರೇ ಎಂದಳು ಅಜ್ಜಿ. ಎಂದವಳೇ ಸೀರೆ ಎತ್ತಿಕಟ್ಟಿ, ಹುಲ್ಲಿನ ಬಣವೆ ಹತ್ತಿ ಬೆಳೆದ ಹೆಣ್ಣುಮಗಳು, ಹಗ್ಗ ಹಿಡಿದು ಸರಸರನೆ ಲೋಡಿನ ತುದಿಗೇರಿ ಕೂತಳು. ಹರಿಹರೇಶ್ವರನ ದಯೆ, ಲೋಡು ಒಂದು ಬೆರಳಿನಷ್ಟೂ ಅಲುಗಲಿಲ್ಲ.

ಅಜ್ಜಿ ಬುಟ್ಟಿಯನ್ನು ಮೇಲೆತ್ತಿ ತೊಡೆಯ ಮೇಲಿಟ್ಟುಕೊಂಡಳು. ನಾನು ಒಗೆದಿಟ್ಟಿದ್ದ ಹೊಸ ಹಗ್ಗ ಮೇಲಕ್ಕೆ ಎಸೆದೆ. ಬಾವಿಗೆ ಕೊಡ ಬಿಡುವ ಹಾಗೆ ಆಕೆ ಬುಟ್ಟಿ ಇಳಿಬಿಟ್ಟಳು. ಕೆಳಗೆ ಸೊಸೆ ಸೆರಗೊಡ್ಡಿ ಹಿಡಿದು ಒಳಗೆ ಓಡಿದಳು. ಗಳಿಗೆ ಮೀರುವ ಮುನ್ನ ದೇವರು ಹೊಸ್ತಿಲು ದಾಟಿದರು. ಮೇಲೆ ಕೂತೇ ಅಜ್ಜಿ ಕಣ್ಣೊರೆಸಿಕೊಂಡಳು. ನನ್ನ ಕಣ್ಣೂ ತುಂಬಿತು.

ಆಮೇಲೆ ಅಜ್ಜಿ ಕೆಳಗೆ ನೋಡಿದಳು. ಹತ್ತುವಾಗ ಇಲ್ಲದ ಭಯ ಈಗ ಬಂತು. ಇಳಿಸ್ರೋ ಎಂದು ಕೂಗಿದಳು. ಸೊಸೆ ಹೊರಗೆ ಬಂದು ಸೊಂಟಕ್ಕೆ ಕೈಯಿಟ್ಟು ನಿಂತಳು.

"ಅತ್ತೆಮ್ಮ, ಮೊದ್ಲು ಹತ್ತಿದ್ದು ಮೊದ್ಲು ಇಳೀಬೇಕು ಅಂದೋರು ನೀವೇ. ಎಲ್ಲಾದ್ಕಿಂತ ಕೊನಿಗೆ ಹತ್ತಿದ್ದು ಯಾರು, ನೀವೇ ಹೇಳ್ರಿ."

ಅಯ್ಯನವರು ಮಂತ್ರ ಬಿಟ್ಟು ನಕ್ಕರು. ನಾನು ಏಣಿ ಕೇಳಲು ಪಕ್ಕದ ಮನೆಗೆ ಹೊರಟೆ. ಅಜ್ಜಿ ಹಾಸಿಗೆ ಮೇಲೆ ಚಕ್ಕಳಮಕ್ಕಳ ಹಾಕಿ, ಅರಮನೆಯಲ್ಲಿ ಕೂತವಳ ಹಾಗೆ ಹಗ್ಗವನ್ನು ಮತ್ತೆ ಕೆಳಗೆ ಬಿಟ್ಟಳು.

"ಹಂಗಾದ್ರ ಉಕ್ಕಿಸಿದ ಹಾಲು ಇದಕ್ಕ ಕಟ್ಟಿ ಕಳಸು. ಸಕ್ಕರಿ ಮುಂದಾಗಿರ್ಲಿ."

ಇಷ್ಟು ಹೊತ್ತು ಕೇಳಿದ ನಿಮ್ಮೆಲ್ಲರ ಬಾಳಿನ ಭಾರ ಎರಡೂ ಕಡೆ ಸಮವಾಗಿರಲಿ. ಹಾಕಿದ ಗಂಟು ದಾರಿಯಲ್ಲಿ ಸಡಿಲದಿರಲಿ, ಮನೆ ಮುಟ್ಟಿದ ಮೇಲೆ ಸಲೀಸಾಗಿ ಬಿಚ್ಚಲಿ. ಮೇಲೆ ಹತ್ತಿ ಕೂತವರಿಗೆಲ್ಲ ಹರಿಹರೇಶ್ವರ ಹೊತ್ತಿಗೆ ಸರಿಯಾಗಿ ಒಂದು ಏಣಿ ಕಳಿಸಲಿ.